ಖರ್ಚನ್ನು ಸಂವಿಧಾನದಲ್ಲೇ ಬರೆದಿಟ್ಟರೆ ಏನಾಗುತ್ತದೆ?

ಪ್ರಶ್ನೆ: ನಾನು ಹಾಸನದವಳು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಈಚೆಗೆ ಪೌರತ್ವ ಸಿಕ್ಕಿದೆ, ಇನ್ನು ಮುಂದೆ ಮತ ಹಾಕಬೇಕು. ಮಗಳ ಶಾಲೆಯ ಪೋಷಕರ ಸಭೆಗೆ ಹೋದರೆ ‘ಪ್ರಾಪ್ 98 ಮುಟ್ಟಬಾರದು’ ಅಂತಾರೆ, ಶಾಲೆಗಳ ಹಣಕ್ಕೆ ಖಾತರಿ ಕೊಡುವ ನಿಯಮವಂತೆ ಅದು. ಆಫೀಸಿನಲ್ಲಿ ‘ರಾಜ್ಯದ ಬಜೆಟ್‌ನ ಕೈಯನ್ನು ಸಂವಿಧಾನವೇ ಕಟ್ಟಿಹಾಕಿದೆ, ಅದನ್ನು ಸಡಿಲ ಮಾಡದೆ ಉದ್ಧಾರವಿಲ್ಲ’ ಅಂತಾರೆ. 2005ರಲ್ಲಿ ಹಾಗೆ ಸಡಿಲ ಮಾಡುವ ಪ್ರಸ್ತಾವ ಜನರ ಮುಂದೆ ಬಂದು ಸೋತಿತಂತೆ. ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಅಂತ ಸಂವಿಧಾನ ಯಾಕೆ ಹೇಳಬೇಕು? ಅಂಥ ಪ್ರಸ್ತಾವ ಮತ್ತೆ ಬಂದರೆ ಏನನ್ನು ನೋಡಿ ಮತ ಹಾಕಲಿ? ಫ್ಲಾರಿಡಾದಲ್ಲಿ ಸಂವಿಧಾನ ತಿದ್ದಲು ಶೇ. 60 ಮತ ಬೇಕಂತೆ. ಇಲ್ಲೂ ಹಾಗೆ ಮಾಡಿದರೆ ಸರಿಹೋಗುತ್ತಾ?

ಉತ್ತರ: ನೀವು ಕೇಳಿದ 2005ರ ಪ್ರಸ್ತಾವದ ಹೆಸರು ಪ್ರಾಪ್ 76. (ಪ್ರಾಪ್ ಅಂದರೆ ಪ್ರಪೊಸಿಷನ್, ಸಹಿ ಸಂಗ್ರಹಿಸಿಯೋ ಶಾಸಕಾಂಗದ ಮೂಲಕವೋ ಜನರ ನೇರ ಮತಕ್ಕೆ ಬರುವ ಪ್ರಸ್ತಾವ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ, ಇಲ್ಲಿ ಮಾತು ಅದರದ್ದು.) ಅದು ಯಾಕೆ ಸೋತಿತು ಅಂತ ತಿಳಿಯಬೇಕಾದರೆ ಅದಕ್ಕೂ ಸುಮಾರು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. ಶಾಲೆಯ ಹಣ ಸಂವಿಧಾನದೊಳಗೆ ಬಂದು ಕೂತಿದ್ದು ಒಂದೇ ದಿನದಲ್ಲಿ ಅಲ್ಲ.

1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರಾಪ್ 13ಕ್ಕೆ ಮತ ಹಾಕಿದರು. ಮನೆ, ಜಮೀನಿನ ತೆರಿಗೆ ಅದಕ್ಕೆಂದು ಗೊತ್ತುಮಾಡಿದ ಲೆಕ್ಕದ ಬೆಲೆಯ ಶೇ. 1ನ್ನು ಮೀರಬಾರದು, ಆ ಲೆಕ್ಕದ ಬೆಲೆಯನ್ನು ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸಬಾರದು ಎಂಬುದು ಅದರ ತಿರುಳು. ಹೊವಾರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಇದರ ಮುಂದಾಳುಗಳು. ಮೂರರಲ್ಲಿ ಎರಡು ಪಾಲು ಹತ್ತಿರ ಜನ ಒಪ್ಪಿದರು. ಅಲ್ಲಿಯವರೆಗೆ ಶಾಲೆಗಳು ಹೆಚ್ಚಾಗಿ ಬದುಕಿದ್ದು ಸ್ಥಳೀಯ ಆಸ್ತಿ ತೆರಿಗೆಯ ಮೇಲೆ. ಆ ತೆರಿಗೆ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಶಾಲೆ ನಡೆಸುವ ಹೊರೆ ಊರುಗಳ ಕೈಯಿಂದ ರಾಜಧಾನಿ ಸ್ಯಾಕ್ರಮೆಂಟೊಗೆ, ಅಂದರೆ ರಾಜ್ಯ ಸರ್ಕಾರಕ್ಕೆ, ಹೋಯಿತು. ಮರುವರ್ಷವೇ, 1979ರಲ್ಲಿ, ಪ್ರಾಪ್ 4 ಬಂತು. ರಾಜ್ಯದ ಖರ್ಚು ಜನಸಂಖ್ಯೆ ಮತ್ತು ಬೆಲೆ ಏರಿಕೆಯ ಲೆಕ್ಕವನ್ನು ದಾಟಬಾರದು, ದಾಟಿ ಉಳಿದ ತೆರಿಗೆಯನ್ನು ಜನರಿಗೆ ವಾಪಸ್ ಕೊಡಬೇಕು ಎಂದಿತು ಅದು.

1987ರಲ್ಲಿ ಆ ಮಿತಿ ನಿಜವಾಗಿಯೂ ತಾಗಿತು. ಆಗಿನ ಗವರ್ನರ್ ಜಾರ್ಜ್ ಡ್ಯೂಕ್ಮೇಜಿಯನ್ ಸುಮಾರು 110 ಕೋಟಿ ಡಾಲರನ್ನು ತೆರಿಗೆದಾರರಿಗೆ ಹಿಂದಿರುಗಿಸಿದರು. (ಊರಿನಲ್ಲಿ ಓದುತ್ತಿರುವವರಿಗೆ: ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ಅಲ್ಲ, ಚುನಾಯಿತರಾಗಿ ಸರ್ಕಾರ ನಡೆಸುವವರು.) ಒಂದೊಂದು ಮನೆಗೆ ಸಣ್ಣ ಮೊತ್ತದ ಚೆಕ್ಕು ಬಂತು. ಶಾಲೆಗಳಲ್ಲಿ ಆಗ ತರಗತಿಗಳು ತುಂಬಿ ತುಳುಕುತ್ತಿದ್ದವು. ‘ಈ ಹಣ ಮಕ್ಕಳಿಗೆ ಸೇರಬೇಕಿತ್ತು’ ಅಂತ ರಾಜ್ಯದ ಶಿಕ್ಷಣ ಮುಖ್ಯಸ್ಥ ಬಿಲ್ ಹಾನಿಗ್ ಮತ್ತು ಶಿಕ್ಷಕರ ಸಂಘ ಸಿಡಿದೆದ್ದರು. ಅದರ ಫಲವೇ 1988ರ ಪ್ರಾಪ್ 98. ಅದಕ್ಕೆ ಬಿದ್ದ ಮತ ಶೇ. 50.7 ಮಾತ್ರ. ಈ ಅಂಕಿಯನ್ನು ನೆನಪಿಡಿ, ನಿಮ್ಮ ಕೊನೆಯ ಪ್ರಶ್ನೆಗೆ ಬೇಕಾಗುತ್ತದೆ.

ಹಾಗಾಗಿ ‘ಖರ್ಚನ್ನು ಸಂವಿಧಾನ ಯಾಕೆ ಹೇಳಬೇಕು’ ಎಂಬುದಕ್ಕೆ ನನ್ನ ನೇರ ಉತ್ತರ: ಶಾಸಕರ ಮೇಲೆ ಜನರಿಗೆ ನಂಬಿಕೆ ಇರಲಿಲ್ಲ. ಮೊದಲು ತೆರಿಗೆ ಕೊಡುವವರು ನಂಬದೆ ತೆರಿಗೆಗೆ ಮಿತಿ ಬರೆದರು. ಆಮೇಲೆ ಶಾಲೆಯವರು ನಂಬದೆ ತಮ್ಮ ಪಾಲನ್ನು ಬರೆದರು. ಇವೆರಡನ್ನೂ ಒಟ್ಟಿಗೆ ನೋಡಬೇಕು. ಒಂದನ್ನು ಮಾತ್ರ ಬೈಯುವವರು ಅರ್ಧ ಕಥೆ ಹೇಳುತ್ತಿದ್ದಾರೆ.

ಪ್ರಾಪ್ 98 ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜಗಳವೆಲ್ಲ ಇರುವುದು ಇಲ್ಲೇ. ಅಂಗನವಾಡಿ ವಯಸ್ಸು ದಾಟಿದ ಮಕ್ಕಳಿಂದ ಹನ್ನೆರಡನೇ ತರಗತಿವರೆಗಿನ ಶಾಲೆಗಳು ಮತ್ತು ಎರಡು ವರ್ಷದ ಕೋರ್ಸಿನ ಕಮ್ಯುನಿಟಿ ಕಾಲೇಜುಗಳಿಗೆ ಪ್ರತಿವರ್ಷ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ಕನಿಷ್ಠ ಮೊತ್ತವನ್ನು ಅದು ಹೇಳುತ್ತದೆ. ಆ ಮೊತ್ತ ಗೊತ್ತುಮಾಡಲು ಎರಡು ಲೆಕ್ಕಗಳಿವೆ. ಒಂದು, ರಾಜ್ಯದ ಮುಖ್ಯ ಖಜಾನೆಯಾದ ಜನರಲ್ ಫಂಡ್‌ನ ಒಂದು ಪಾಲು, ಹತ್ತಿರಹತ್ತಿರ ಶೇ. 40. ಇನ್ನೊಂದು, ಹೋದ ವರ್ಷ ಕೊಟ್ಟದ್ದಕ್ಕೆ ಮಕ್ಕಳ ಹಾಜರಿಯ ಬದಲಾವಣೆ ಮತ್ತು ರಾಜ್ಯದ ತಲಾ ಆದಾಯದ ಏರಿಕೆಯನ್ನು ಸೇರಿಸಿದ ಮೊತ್ತ. ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಕೊಡಬೇಕು. 1990ರಲ್ಲಿ ಪ್ರಾಪ್ 111 ಮೂರನೆಯ ಲೆಕ್ಕವನ್ನು ಸೇರಿಸಿತು. ಆದಾಯ ಸೊರಗಿದ ವರ್ಷ ಸ್ವಲ್ಪ ಕಡಿಮೆ ಕೊಡಬಹುದು ಎಂಬ ರಿಯಾಯಿತಿ ಅದು. ಇದೂ ಸಾಲದೆ ಹೋದರೆ ಶಾಸಕಾಂಗದ ಎರಡೂ ಸದನಗಳು ಮೂರನೇ ಎರಡರಷ್ಟು ಮತದಿಂದ ಆ ವರ್ಷದ ಮಟ್ಟಿಗೆ ಇಡೀ ನಿಯಮವನ್ನೇ ತಡೆಹಿಡಿಯಬಹುದು. 2004–05, 2010–11 ಮತ್ತು 2023–24ರ ಬಜೆಟ್‌ಗಳಲ್ಲಿ ಹಾಗೆ ಮಾಡಿದ್ದೂ ಇದೆ.

ಅಂದರೆ ‘ಸಂವಿಧಾನ ಕೈ ಕಟ್ಟಿಹಾಕಿದೆ’ ಎನ್ನುವುದು ಪೂರ್ತಿ ನಿಜವಲ್ಲ. ಕಷ್ಟಕಾಲದಲ್ಲಿ ಕೈ ಬಿಡಿಸಿಕೊಳ್ಳುವ ದಾರಿ ಅದರಲ್ಲೇ ಇದೆ. ಆದರೆ ಒಂದು ಶರತ್ತು ಇದೆ, ನನ್ನ ಪ್ರಕಾರ ಪ್ರಾಪ್ 98ರ ಜೀವ ಇರುವುದೇ ಅದರಲ್ಲಿ. ಕಡಿಮೆ ಕೊಟ್ಟಷ್ಟೂ ಒಂದು ಬಾಕಿ ಲೆಕ್ಕ ಬೆಳೆಯುತ್ತದೆ. ಅದನ್ನು ಮೇಂಟೆನೆನ್ಸ್ ಫ್ಯಾಕ್ಟರ್ ಅನ್ನುತ್ತಾರೆ. ಆದಾಯ ಚೇತರಿಸಿಕೊಂಡಾಗ ಶಾಲೆಯ ಪಾಲನ್ನು ಮತ್ತೆ ಇರಬೇಕಾಗಿದ್ದ ಮಟ್ಟಕ್ಕೆ ಏರಿಸಬೇಕು. ಕಳೆದುಹೋದ ವರ್ಷಗಳ ಹಣ ವಾಪಸ್ ಬರುವುದಿಲ್ಲ, ಗಮನಿಸಿ. ಮುಂದಿನ ಮಟ್ಟ ಮಾತ್ರ ಸರಿಯಾಗುತ್ತದೆ. ಶಾಲೆಯವರು ಇಷ್ಟಕ್ಕೆ ಒಪ್ಪಿಕೊಂಡಿದ್ದಾರೆ ಎಂದರೆ ಅದೇ ದೊಡ್ಡ ಹೊಂದಾಣಿಕೆ ಅಂತ ನನಗನಿಸುತ್ತದೆ.

ಈಗ ನಿಮ್ಮ ಸಹೋದ್ಯೋಗಿಗಳ ಮಾತಿಗೆ ಬರುತ್ತೇನೆ. ಅವರ ದೂರಿನಲ್ಲೂ ತೂಕವಿದೆ. ಕ್ಯಾಲಿಫೋರ್ನಿಯಾದ ಖಜಾನೆ ನಿಂತಿರುವುದು ಆದಾಯ ತೆರಿಗೆಯ ಮೇಲೆ. ಅದರಲ್ಲಿ ಶೇ. 40ರಿಂದ 50ರಷ್ಟನ್ನು ಕಟ್ಟುವವರು ಮೇಲಿನ ಶೇ. 1ರಷ್ಟು ಜನ. ಅವರ ಗಳಿಕೆ ಷೇರುಪೇಟೆಯ ಜೊತೆ ಏಳುತ್ತದೆ, ಬೀಳುತ್ತದೆ. ನಿಮ್ಮ ಫ್ರೀಮಾಂಟ್ ಸುತ್ತಲಿನ ಬೇ ಏರಿಯಾದಲ್ಲಿ ಕಂಪನಿಯ ಷೇರಿನ ರೂಪದಲ್ಲಿ ಸಂಬಳದ ಒಂದು ಪಾಲು ಪಡೆಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಾಟ್‌ಕಾಮ್ ಗುಳ್ಳೆ ಒಡೆದು ಇಂಟರ್‌ನೆಟ್ ಕಂಪನಿಗಳ ಷೇರು ಕುಸಿದಾಗ ಷೇರು ಲಾಭ ಮತ್ತು ಸ್ಟಾಕ್ ಆಪ್ಷನ್‌ಗಳಿಂದ ಬರುತ್ತಿದ್ದ ತೆರಿಗೆ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಒಂದು ಒಳ್ಳೆಯ ವರ್ಷ ಶಾಲೆಯ ಪಾಲನ್ನು ಮೇಲಕ್ಕೆ ಒಯ್ಯುತ್ತದೆ, ಮುಂದಿನ ವರ್ಷದ ಲೆಕ್ಕ ಆ ಎತ್ತರದಿಂದಲೇ ಶುರುವಾಗುತ್ತದೆ. ಬೋನಸ್ ಬಂದ ವರ್ಷ ದೊಡ್ಡ ಮನೆ ಸಾಲ ಮಾಡಿ, ಬೋನಸ್ ಬರದ ವರ್ಷವೂ ಅದೇ ಕಂತು ಕಟ್ಟುತ್ತಾ ಹೋದ ಹಾಗೆ.

ಆಗ ಏಟು ಬೀಳುವುದು ಯಾರಿಗೆ? ಸಂವಿಧಾನದಲ್ಲಿ ಹೆಸರಿಲ್ಲದವರಿಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪ್ರಾಪ್ 98ರ ರಕ್ಷಣೆ ಇಲ್ಲ. 2009ರ ನವೆಂಬರ್‌ನಲ್ಲಿ ಅಲ್ಲಿನ ಆಡಳಿತ ಮಂಡಳಿ ಶುಲ್ಕವನ್ನು ಶೇ. 32 ಏರಿಸಿತು. ಬರ್ಕ್ಲಿ, ಲಾಸ್ ಏಂಜಲೀಸ್‌ಗಳಲ್ಲಿ ಹುಡುಗರು ಬೀದಿಗಿಳಿದರು. ಮುದುಕರ ಆರೈಕೆ, ಅಂಗವಿಕಲರ ನೆರವು ಇವುಗಳಿಗೂ ಇದೇ ಗತಿ. ಅವರ ಪರವಾಗಿ ಸಹಿ ಸಂಗ್ರಹಿಸುವ ದೊಡ್ಡ ಸಂಘ ಇಲ್ಲ. ಖರ್ಚನ್ನು ಸಂವಿಧಾನದಲ್ಲಿ ಬರೆಯುವ ಪದ್ಧತಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಬಲ ಇದ್ದವರು ಮೊದಲು ಹೋಗಿ ಒಳಗೆ ಕೂರುತ್ತಾರೆ. ಮಿಕ್ಕವರು ಪ್ರತಿವರ್ಷ ಬಾಗಿಲಲ್ಲಿ ನಿಲ್ಲುತ್ತಾರೆ.

ಸರಿ, 2005. ಗ್ರೇ ಡೇವಿಸ್ ಅವರನ್ನು 2003ರ ಅಕ್ಟೋಬರ್‌ನಲ್ಲಿ ಜನರೇ ಕೆಳಗಿಳಿಸಿ ಅರ್ನಾಲ್ಡ್ ಶ್ವಾರ್ಜೆನೆಗರ್ ಅವರನ್ನು ಗವರ್ನರ್ ಮಾಡಿದ್ದರು. (ಊರಿನಲ್ಲಿ ಓದುತ್ತಿರುವವರಿಗೆ: ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ಅಲ್ಲ, ಚುನಾಯಿತರಾಗಿ ಸರ್ಕಾರ ನಡೆಸುವವರು.) ಖಜಾನೆ ಖಾಲಿಯಿತ್ತು. 2004ರ ಆರಂಭದಲ್ಲಿ ಅವರು ಶಾಲೆಗಳವರ ಜೊತೆ ಕೂತು ಒಂದು ಒಪ್ಪಂದಕ್ಕೆ ಬಂದರು. ಈ ವರ್ಷ ಸುಮಾರು 200 ಕೋಟಿ ಡಾಲರ್ ಕಡಿಮೆ ತಗೊಳ್ಳಿ, ಆದಾಯ ಏರಿದರೆ ನಿಮ್ಮ ಪಾಲೂ ಏರುತ್ತದೆ ಎಂಬುದು ಅದರ ಸಾರ. ಶಾಲೆಯವರು ಒಪ್ಪಿದರು. ಆದಾಯ ನಿರೀಕ್ಷೆಗಿಂತ ಚೆನ್ನಾಗಿಯೇ ಬಂತು. ಆದರೆ 2005ರ ಜನವರಿಯ ಬಜೆಟ್‌ನಲ್ಲಿ ಆ ಹೆಚ್ಚುವರಿ ಪಾಲು ಇರಲಿಲ್ಲ. ‘ಕೊಟ್ಟ ಮಾತು ಎಲ್ಲಿ?’ ಅಂತ ಕ್ಯಾಲಿಫೋರ್ನಿಯಾ ಟೀಚರ್ಸ್ ಅಸೋಸಿಯೇಷನ್ ಕೇಳಿತು. ವಿಷಯ ಕೋರ್ಟಿಗೂ ಹೋಯಿತು.

ಅದೇ ವರ್ಷ, ಶ್ವಾರ್ಜೆನೆಗರ್ ಬೆಂಬಲದಿಂದ, ಪ್ರಾಪ್ 76 ಬಂದಿದ್ದು. ಅದರಲ್ಲಿ ಮೂರು ಅಂಶಗಳಿದ್ದವು. ಮೊದಲನೆಯದು, ರಾಜ್ಯದ ಒಟ್ಟು ಖರ್ಚಿನ ಏರಿಕೆ ಹಿಂದಿನ ಮೂರು ವರ್ಷಗಳ ಆದಾಯದ ಸರಾಸರಿ ಏರಿಕೆಯನ್ನು ಮೀರಬಾರದು. ಇದು ಒಪ್ಪುವಂಥ ಮಾತು, ಏರಿಳಿತವನ್ನು ತಗ್ಗಿಸುತ್ತದೆ. ಎರಡನೆಯದು, ಹಣಕಾಸಿನ ತುರ್ತು ಬಂದು, ಶಾಸಕಾಂಗ ಗಡುವಿನೊಳಗೆ ಏನೂ ಮಾಡದಿದ್ದರೆ ಗವರ್ನರ್ ಒಬ್ಬರೇ ತಮಗೆ ಬೇಕಾದ ಖರ್ಚನ್ನು ಕತ್ತರಿಸಬಹುದು. ಮೂರನೆಯದು, ಶಾಲೆಯ ಹಣವನ್ನು ತಡೆಹಿಡಿದರೆ ಮುಂದೆ ಆ ಮಟ್ಟವನ್ನು ಸರಿಪಡಿಸುವ ಕಡ್ಡಾಯ ಇರುವುದಿಲ್ಲ.

ಈ ಮೂರನೆಯದನ್ನು ನೋಡಿ. ಈ ವರ್ಷ ಕಡಿಮೆ ಕೊಟ್ಟರೆ ಅದೇ ಮುಂದಿನ ಬುನಾದಿ. ಬಾಕಿ ಲೆಕ್ಕವೇ ಇಲ್ಲ. ಮಾತು ತಪ್ಪಿದರು ಎಂಬ ಆರೋಪ ಹೊತ್ತವರೇ, ಅದೇ ವರ್ಷ, ‘ಇನ್ನು ಮುಂದೆ ಲೆಕ್ಕ ಇಡಬೇಡಿ’ ಎಂದು ಕೇಳಿದರೆ ಜನ ಹೇಗೆ ಒಪ್ಪುತ್ತಾರೆ? 2005ರ ನವೆಂಬರ್ 8ರ ವಿಶೇಷ ಚುನಾವಣೆಯಲ್ಲಿ ಸುಮಾರು ಶೇ. 62ರಷ್ಟು ಮಂದಿ ಬೇಡ ಎಂದರು. ಆ ದಿನ ಮತಪತ್ರದಲ್ಲಿದ್ದ ಎಂಟೂ ಪ್ರಸ್ತಾವಗಳು ಬಿದ್ದುಹೋದವು. ಮರುವರ್ಷ ಕೋರ್ಟಿನ ಮೊಕದ್ದಮೆ ರಾಜಿಯಲ್ಲಿ ಮುಗಿದು ಸುಮಾರು 290 ಕೋಟಿ ಡಾಲರನ್ನು ಕೆಲವು ವರ್ಷಗಳಲ್ಲಿ ಶಾಲೆಗಳಿಗೆ ಕೊಡುವುದಾಗಿ ಸರ್ಕಾರ ಒಪ್ಪಿತು. ಪ್ರಾಪ್ 76 ಸೋತಿದ್ದು ಸರಿಯೇ ಆಯಿತು ಎಂಬುದು ನನ್ನ ಅಭಿಪ್ರಾಯ. ಆದರೆ ಅದರ ಮೊದಲ ಅಂಶವೂ ಜೊತೆಗೇ ಮುಳುಗಿತಲ್ಲ, ಅದು ನಷ್ಟ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗವರ್ನರ್ ಆಗುವ ಮೊದಲು, 2002ರಲ್ಲಿ, ಇದೇ ಶ್ವಾರ್ಜೆನೆಗರ್ ಮುಂದೆ ನಿಂತು ಪ್ರಾಪ್ 49 ಅನ್ನು ಗೆಲ್ಲಿಸಿದ್ದರು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕ್ರಮಕ್ಕೆ ವರ್ಷಕ್ಕೆ 55 ಕೋಟಿ ಡಾಲರ್‌ವರೆಗೆ ಮೀಸಲಿಡುವ ಕಾನೂನು ಅದು. ಸಂವಿಧಾನದ ತಿದ್ದುಪಡಿಯಲ್ಲ ನಿಜ. ಹೊಸ ತೆರಿಗೆಯೂ ಇಲ್ಲ, ಇರುವ ಜನರಲ್ ಫಂಡ್‌ನಿಂದಲೇ ಕೊಡಬೇಕು. ಕಾರ್ಯಕ್ರಮ ಒಳ್ಳೆಯದು, ಕೆಲಸಕ್ಕೆ ಹೋಗುವ ತಂದೆತಾಯಿಗೆ ಬಹಳ ಸಹಾಯ. ಆದರೆ ಮತಪತ್ರದಲ್ಲಿ ಒಂದೊಂದನ್ನೇ ಕೇಳಿದಾಗ ಎಲ್ಲವೂ ಒಳ್ಳೆಯದೇ ಆಗಿರುತ್ತದೆ. ಇದಕ್ಕೆ ಕೊಟ್ಟರೆ ಯಾವುದು ನಿಲ್ಲುತ್ತದೆ ಎಂಬ ಸಾಲು ಮಾತ್ರ ಅಲ್ಲಿ ಇರುವುದಿಲ್ಲ.

ಆ ಸಾಲನ್ನು ಕಡ್ಡಾಯ ಮಾಡಿದ ರಾಜ್ಯ ಪಕ್ಕದಲ್ಲೇ ಇದೆ. ಅರಿಜೋನಾ. 2004ರಲ್ಲಿ ಅಲ್ಲಿನ ಜನ ಪ್ರಾಪ್ 101 ಒಪ್ಪಿದರು. ಜನರ ಮತದಿಂದ ಕಡ್ಡಾಯ ಖರ್ಚೊಂದನ್ನು ಹೇರಬೇಕಾದರೆ ಅದರ ಈಗಿನ ಮತ್ತು ಮುಂದಿನ ಇಡೀ ಖರ್ಚಿಗೆ ಸಾಕಾಗುವ ಹೊಸ ಆದಾಯದ ಮೂಲವನ್ನು ಅದೇ ಪ್ರಸ್ತಾವದಲ್ಲಿ ತೋರಿಸಬೇಕು. ಜನರಲ್ ಫಂಡ್‌ಗೆ ಕೈ ಹಾಕುವಂತಿಲ್ಲ. ಆ ಆದಾಯ ಕಡಿಮೆ ಬಿದ್ದರೆ ಶಾಸಕಾಂಗ ಖರ್ಚನ್ನು ಅಷ್ಟಕ್ಕೆ ಇಳಿಸಬಹುದು. ಕಡ್ಡಾಯ ಖರ್ಚಿಗೆ ಮಿತಿ ಹಾಕುವ ಬಗೆಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಇದು. ಜನರ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಹಳೆಯ ಭರವಸೆಗಳನ್ನು ಮುರಿಯುವುದಿಲ್ಲ. ಬೇಕಾದದ್ದನ್ನು ಕೇಳಿ, ಬೆಲೆಯನ್ನೂ ಹೇಳಿ ಅನ್ನುತ್ತದೆ, ಅಷ್ಟೆ. ಕ್ಯಾಲಿಫೋರ್ನಿಯಾದಲ್ಲೂ 2004ರ ಪ್ರಾಪ್ 63 ತಾನಾಗಿಯೇ ಹೀಗೆ ಮಾಡಿತ್ತು. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ. 1 ಹೆಚ್ಚುವರಿ ತೆರಿಗೆ, ಅದೆಲ್ಲ ಮಾನಸಿಕ ಆರೋಗ್ಯಕ್ಕೆ.

ಕೊಲರಾಡೊದಲ್ಲಿ ಮಾತ್ರ ಎರಡು ಕಟ್ಟಳೆ ಒಂದಕ್ಕೊಂದು ಡಿಕ್ಕಿ ಹೊಡೆದವು. 1992ರ ತಿದ್ದುಪಡಿ, ಟಾಬರ್ ಅಂತ ಕರೆಯುತ್ತಾರೆ, ಮತದಾರರ ಒಪ್ಪಿಗೆ ಇಲ್ಲದೆ ತೆರಿಗೆ ಏರಿಸಬೇಡಿ, ಮಿತಿ ಮೀರಿದ ಆದಾಯ ವಾಪಸ್ ಕೊಡಿ ಎಂದಿತು. 2000ದ ತಿದ್ದುಪಡಿ 23, ಶಾಲೆಗೆ ಪ್ರತಿವರ್ಷ ಬೆಲೆ ಏರಿಕೆಗಿಂತ ಶೇ. 1 ಜಾಸ್ತಿ ಕೊಡಿ ಎಂದಿತು, ಹತ್ತು ವರ್ಷದವರೆಗೆ. 2005ರಲ್ಲಿ, ಪ್ರಾಪ್ 76 ಸೋಲುವುದಕ್ಕೆ ಸರಿಯಾಗಿ ಒಂದು ವಾರ ಮೊದಲು, ಅಲ್ಲಿನ ಜನ ಟಾಬರ್‌ನ ಮಿತಿಯನ್ನು ಐದು ವರ್ಷ ಸಡಿಲಿಸಲು ಒಪ್ಪಿದರು. ಹಣ ಯಾವುದಕ್ಕೆ ಹೋಗುತ್ತದೆ ಅಂತ ಮುಂಚೆಯೇ ಹೇಳಿದ್ದರು, ಎರಡೂ ಪಕ್ಷದವರು ಕೂಡಿ ಕೇಳಿದ್ದರು. ಮುಂದೆ 2009ರ ಹೊತ್ತಿಗೆ ಆರ್ಥಿಕ ಕುಸಿತ ಬಂದಾಗ ಅಲ್ಲಿನ ಶಾಸಕರು ಬೇರೊಂದು ದಾರಿ ಕಂಡುಕೊಂಡರು. ತಿದ್ದುಪಡಿ 23 ಅನ್ವಯಿಸುವುದು ಪ್ರತಿ ಮಗುವಿನ ಮೂಲ ಮೊತ್ತಕ್ಕೆ ಮಾತ್ರ, ಅದರ ಮೇಲಿನ ಹೆಚ್ಚುವರಿಗಳಿಗಲ್ಲ ಅಂತ ಅರ್ಥ ಮಾಡಿ ಶಾಲೆಗಳ ಹಣವನ್ನು ಕಡಿತ ಮಾಡಿದರು. ಪೋಷಕರು ಕೋರ್ಟಿಗೆ ಹೋದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4–3ರ ತೀರ್ಪಿನಲ್ಲಿ ಶಾಸಕರ ಅರ್ಥವನ್ನೇ ಎತ್ತಿಹಿಡಿಯಿತು. ಸಂವಿಧಾನದಲ್ಲಿ ಬರೆದರೆ ಕಲ್ಲಿನ ಮೇಲೆ ಬರೆದಂತೆ ಅಂತ ನಂಬುವ ಪೋಷಕರು ಇದನ್ನು ತಿಳಿದಿರಬೇಕು.

ನಮ್ಮ ದೇಶದಲ್ಲಿ ಇಂಥದ್ದು ಇಲ್ಲವೇ ಅಂತ ನಿಮಗೆ ಅನಿಸಿರಬಹುದು. ಒಂದು ಮಟ್ಟಿಗೆ ಇದೆ. ಭಾರತದ ಸಂವಿಧಾನದ 202ನೇ ವಿಧಿ ಕೆಲವು ಖರ್ಚುಗಳನ್ನು ನೇರವಾಗಿ ರಾಜ್ಯದ ಸಂಚಿತ ನಿಧಿಯ ಮೇಲೆ ಹೊರಿಸುತ್ತದೆ. ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಇಂಥವು. ಶಾಸಕರು ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ಕರ್ನಾಟಕದ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲನ್ನು ಅಭಿವೃದ್ಧಿ ಹಣದಲ್ಲಿ ಮೀಸಲಿಡಬೇಕು ಅನ್ನುತ್ತದೆ. ಆದರೆ ಇವನ್ನು ಬದಲಿಸುವುದು ಸಂಸತ್ತು, ವಿಧಾನಸಭೆ. ಜನ ನೇರವಾಗಿ ಮತ ಹಾಕಿ ಬದಲಿಸುವ ಪದ್ಧತಿ ನಮ್ಮಲ್ಲಿಲ್ಲ. ನಿಮಗೆ ಅಲ್ಲಿ ಆ ಅಧಿಕಾರ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾದರೆ ಅಂಥ ಪ್ರಸ್ತಾವ ಬಂದರೆ ಏನು ನೋಡಬೇಕು? ನಾನಾದರೆ ಮೊದಲು ಬಾಕಿ ಲೆಕ್ಕವನ್ನು ಹುಡುಕುತ್ತೇನೆ. ಕೆಟ್ಟ ವರ್ಷದಲ್ಲಿ ಕಡಿಮೆ ಕೊಟ್ಟದ್ದು ಮುಂದೆ ಸರಿಯಾಗುತ್ತದೆಯೋ, ಅಳಿಸಿಹೋಗುತ್ತದೆಯೋ? ಅಳಿಸಿಹೋಗುವುದಾದರೆ ಬೇರೆ ಏನಿದ್ದರೂ ನಾನು ಬೇಡ ಅನ್ನುತ್ತೇನೆ. ಆಮೇಲೆ, ಕತ್ತರಿ ಯಾರ ಕೈಗೆ ಹೋಗುತ್ತದೆ ಅಂತ ನೋಡುತ್ತೇನೆ. ಶಾಸಕಾಂಗಕ್ಕೆ ಹೋದರೆ ಚರ್ಚೆ ನಡೆಯುತ್ತದೆ, ಯಾರು ಹೇಗೆ ಮತ ಹಾಕಿದರು ಅಂತ ನಿಮಗೆ ಗೊತ್ತಾಗುತ್ತದೆ. ಒಬ್ಬರ ಕೈಗೆ ಹೋದರೆ ಅದಿಲ್ಲ. ಹೊಸ ಕಡ್ಡಾಯಗಳಿಗೆ ಮಾತ್ರ ಮಿತಿಯೋ, ಹಳೆಯವಕ್ಕೂ ಹಿಂದಿನಿಂದ ಅನ್ವಯವೋ ಎಂಬುದೂ ಮುಖ್ಯ. ಮತ್ತೆ, ಒಳ್ಳೆಯ ವರ್ಷದ ಹಣವನ್ನು ಕೂಡಿಡುವ ಏರ್ಪಾಡು ಇದೆಯಾ? ಇದ್ದರೆ ಅದಕ್ಕೆ ನನ್ನ ಹೆಚ್ಚಿನ ಅಂಕ.

ಈ ಕೊನೆಯದಕ್ಕೆ ಕಾರಣವಿದೆ. 2009ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಖರ್ಚಿನ ಮಿತಿ, ತೆರಿಗೆ ವಿಸ್ತರಣೆ, ಮಕ್ಕಳ ಮತ್ತು ಮಾನಸಿಕ ಆರೋಗ್ಯದ ಮೀಸಲು ಹಣವನ್ನು ಬೇರೆಡೆಗೆ ತಿರುಗಿಸುವುದು ಇವನ್ನೆಲ್ಲ ಮತ್ತೆ ಜನರ ಮುಂದಿಟ್ಟರು. ಎಲ್ಲ ಸೋತವು. ಬಜೆಟ್ ಕೊರತೆಯ ವರ್ಷ ಶಾಸಕರ ಸಂಬಳ ಏರಿಸಬಾರದು ಎಂಬುದೊಂದೇ ಗೆದ್ದಿದ್ದು. ಅದೇ ಜನ 2014ರಲ್ಲಿ ಪ್ರಾಪ್ 2ಕ್ಕೆ ಶೇ. 69 ಮತ ಕೊಟ್ಟರು. ಗವರ್ನರ್ ಜೆರ್ರಿ ಬ್ರೌನ್ ಮುಂದಿಟ್ಟ ಪ್ರಸ್ತಾವ ಅದು. ಪ್ರತಿವರ್ಷ ಜನರಲ್ ಫಂಡ್ ಆದಾಯದ ಶೇ. 1.5ನ್ನು ತೆಗೆದಿಡಬೇಕು, ಷೇರು ಲಾಭದಿಂದ ಮಾಮೂಲಿಗಿಂತ ಜಾಸ್ತಿ ತೆರಿಗೆ ಬಂದರೆ ಅದರಿಂದಲೂ ಒಂದು ಪಾಲು. ಯಾರ ಪಾಲನ್ನೂ ಅದು ಕಸಿಯಲಿಲ್ಲ, ಏರಿಳಿತಕ್ಕೆ ಮಾತ್ರ ಮದ್ದು ಹಾಕಿತು. ಪ್ರಾಪ್ 76ರಲ್ಲಿ ಒಳ್ಳೆಯದಿದ್ದದ್ದು ಒಂಬತ್ತು ವರ್ಷ ತಡವಾಗಿ, ಬೇರೆ ರೂಪದಲ್ಲಿ ಬಂತು ಅಂತ ನಾನು ಅಂದುಕೊಳ್ಳುತ್ತೇನೆ.

ಪ್ರತಿ ಚುನಾವಣೆಗೂ ಮುಂಚೆ ನಿಮ್ಮ ಮನೆಗೆ ಮತದಾರರ ಕೈಪಿಡಿ ಅಂಚೆಯಲ್ಲಿ ಬರುತ್ತದೆ. ಅದರಲ್ಲಿ ಪರ, ವಿರೋಧ ವಾದಗಳನ್ನು ಆಮೇಲೆ ಓದಿ. ಮೊದಲು ಲೆಜಿಸ್ಲೇಟಿವ್ ಅನಲಿಸ್ಟ್ ಕಚೇರಿ ಬರೆದ ವಿಶ್ಲೇಷಣೆ ಓದಿ. ಯಾವ ಪಕ್ಷಕ್ಕೂ ಸೇರದವರು, ಸರಳವಾಗಿ ಬರೆಯುತ್ತಾರೆ. ಬಾಕಿ ಲೆಕ್ಕದ ವಿಷಯ ಅಲ್ಲೇ ಸಿಗುತ್ತದೆ.

ಇನ್ನು ಶೇ. 60ರ ಪ್ರಶ್ನೆ. ಫ್ಲಾರಿಡಾದ ಜನ 2000ದಲ್ಲಿ ಐದು ದೊಡ್ಡ ನಗರಗಳನ್ನು ಜೋಡಿಸುವ ವೇಗದ ರೈಲನ್ನು ಸಂವಿಧಾನದಲ್ಲಿ ಬರೆದರು. ಖರ್ಚಿನ ಅಂದಾಜು ನೋಡಿ 2004ರಲ್ಲಿ ತಾವೇ ತೆಗೆದುಹಾಕಿದರು. 2002ರಲ್ಲಿ ತರಗತಿಯ ಗಾತ್ರಕ್ಕೆ ಮಿತಿ ಬರೆದರು. ಮೂರನೇ ತರಗತಿವರೆಗೆ 18 ಮಕ್ಕಳು, ಎಂಟರವರೆಗೆ 22, ಆಮೇಲೆ 25. ಅದು ಗೆದ್ದಿದ್ದು ಶೇ. 52ರಷ್ಟು ಮತದಿಂದ. ಇಂಥ ದುಬಾರಿ ಕಟ್ಟಳೆಗಳು ಇನ್ನು ಬರಬಾರದು ಅಂತ 2006ರಲ್ಲಿ ತಿದ್ದುಪಡಿಗೆ ಶೇ. 60 ಮತ ಬೇಕು ಎಂಬ ನಿಯಮ ತಂದರು. ಆ ನಿಯಮಕ್ಕೇ ಬಿದ್ದ ಮತ ಸುಮಾರು ಶೇ. 58. 2010ರಲ್ಲಿ ತರಗತಿಯ ಮಿತಿಯನ್ನು ಸ್ವಲ್ಪ ಸಡಿಲಿಸೋಣ ಅಂತ ಶಾಸಕಾಂಗವೇ ಕೇಳಿತು. ಶೇ. 54ಕ್ಕಿಂತ ಜಾಸ್ತಿ ಜನ ಒಪ್ಪಿದರು. ಸಾಲಲಿಲ್ಲ, ಪ್ರಸ್ತಾವ ಬಿತ್ತು. ಹಳೆಯ ಮಿತಿಯೇ ಉಳಿಯಿತು.

ಕ್ಯಾಲಿಫೋರ್ನಿಯಾದಲ್ಲಿ ಈಗ ಸಂವಿಧಾನ ತಿದ್ದಲು ಮತದಾನದಲ್ಲಿ ಸರಳ ಬಹುಮತ ಸಾಕು. ಅದನ್ನು ಶೇ. 60 ಮಾಡಿದರೆ ಹೊಸ ಕಡ್ಡಾಯಗಳು ಬರುವುದು ಕಷ್ಟವಾಗುತ್ತದೆ, ನಿಜ. ಆದರೆ ಶೇ. 50.7ರಿಂದ ಒಳಗೆ ಬಂದ ಪ್ರಾಪ್ 98 ಅಲ್ಲೇ ಕೂತಿರುತ್ತದೆ. ಅದನ್ನು ಒಳ್ಳೆಯದಕ್ಕೆ ತಿದ್ದಬೇಕೆಂದರೂ ಶೇ. 60 ಬೇಕಾಗುತ್ತದೆ. ಪ್ರಾಪ್ 13ಕ್ಕೂ ಅದೇ ರಕ್ಷಣೆ ಸಿಗುತ್ತದೆ. ಮೊದಲು ಒಳಗೆ ಬಂದವರ ಜಾಗ ಗಟ್ಟಿಯಾಗಿ, ಬಾಗಿಲಲ್ಲಿ ನಿಂತವರು ಅಲ್ಲೇ ಉಳಿಯುತ್ತಾರೆ. ಅದಕ್ಕೇ ನನ್ನ ಮತ ಫ್ಲಾರಿಡಾದ ದಾರಿಗಲ್ಲ, ಅರಿಜೋನಾದ ದಾರಿಗೆ.